ಮನೆಗೆ ಬರುವ ದೊಡ್ಡ ಜೇಡ

ನಂಜನಗೂಡಿನಲ್ಲಿ ವಾಸವಾಗಿರುವವನಿಗೆ ನಂಜಿನ ವಿಷಯವಾಗಿ ಎರಡು ಮಾತನಾಡುವ ಅಧಿಕಾರ ಉಳಿದವರಿಗಿಂತ ತುಸು ಹೆಚ್ಚಾಗಿಯೇ ಉಂಟೆಂದು ನಾನು ಭಾವಿಸಿದ್ದೇನೆ. ಹಾಲಾಹಲವನ್ನು ಕುಡಿದು ಕಂಠದಲ್ಲಿ ನಿಲ್ಲಿಸಿಕೊಂಡ ದೇವರು ನಮ್ಮೂರಿನ ದೇವರು. ಆತನ ಹೆಸರೇ ಊರಿಗೂ ಹೆಸರಾಗಿದೆ. ಟಿಪ್ಪು ಸುಲ್ತಾನನ ಆನೆಗೆ ಹೋಗಿದ್ದ ಕಣ್ಣು ಈತನ ಸೇವೆಯಿಂದ ಮರಳಿತೆಂದೂ, ಅಂದಿನಿಂದ ಸುಲ್ತಾನನು ಈತನನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಪ್ರತೀತಿ. ಆದರೆ ‘ನಂಜು’ ಎಂಬ ಶಬ್ದಕ್ಕೆ ನಮ್ಮ ಆಡುಮಾತಿನಲ್ಲಿ ವಿಷ ಎಂಬುದೊಂದೇ ಅರ್ಥವಲ್ಲ. ಮುಳ್ಳು ಚುಚ್ಚಿದ ಗಾಯ ಕೀವುಗಟ್ಟಿದರೆ ‘ನಂಜಾಯಿತು’ ಎನ್ನುತ್ತೇವೆ. ಗಾಯವಾದವನಿಗೆ ಬದನೆಕಾಯಿ ನಂಜೆಂದು ಮನೆಯ ಹಿರಿಯರು ಪಥ್ಯ ಹೇಳುತ್ತಾರೆ. ಹಾವಿನ ಹಲ್ಲಿನಲ್ಲಿರುವುದು ವಿಷ. ಗಾಯದೊಳಗೆ ಹೊರಗಿನಿಂದ ಸೇರಿ ಬೆಳೆಯುವುದು ನಂಜು. ಎರಡನ್ನೂ ಬೇರೆ ಬೇರೆಯಾಗಿ ಕಾಣಬಲ್ಲ ಈ ವಿವೇಕವನ್ನು ನಾವು ಒಂದು ಪ್ರಾಣಿಯ ಮಟ್ಟಿಗೆ ಪೂರ್ಣವಾಗಿ ಮರೆತುಬಿಡುತ್ತೇವೆ. ಮೊದಲ ಮಳೆ ಬಿದ್ದ ಮೇಲೆ ಬಚ್ಚಲುಮನೆಯ ಮೂಲೆಯಲ್ಲೋ ಹಿತ್ತಿಲ ಬಾಗಿಲ ಹೊಸ್ತಿಲಲ್ಲೋ ಕಾಣಿಸಿಕೊಳ್ಳುವ, ಮೈತುಂಬ ಕೂದಲುಳ್ಳ, ಅಂಗೈಯಗಲದ ದೊಡ್ಡ ಜೇಡವೇ ಆ ಪ್ರಾಣಿ. ಇಂಗ್ಲಿಷಿನಲ್ಲಿ ಇದನ್ನು ಟರಾಂಟುಲ ಎನ್ನುತ್ತಾರೆ.

ಇದಕ್ಕೆ ಒಂದು ಪ್ರತ್ಯೇಕವಾದ ಹೆಸರಿಟ್ಟು ಕರೆದವರನ್ನು ನಾನು ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಕಂಡಿಲ್ಲ. ದೇವರ ಪಟದ ಹಿಂದೆ ಬಲೆ ಕಟ್ಟುವ ಬಡಪಾಯಿಯೂ ಜೇಡವೇ, ಇದೂ ಜೇಡವೇ. ಸಂಸ್ಕೃತದ ಊರ್ಣನಾಭ, ತಂತುವಾಯ, ಲೂತಾ ಎಂಬ ಶಬ್ದಗಳು ನಮ್ಮ ಕಾವ್ಯಗಳಿಗೂ ನಿಘಂಟುಗಳಿಗೂ ಬಂದಿವೆಯಾದರೂ ಅವೆಲ್ಲ ನೂಲುವ, ನೇಯುವ ಜೇಡವನ್ನು ಕುರಿತ ಮಾತುಗಳು. ನಮ್ಮ ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯನ ‘ಜೇಡರ’ ಎಂಬುದೂ ನೇಕಾರ ವೃತ್ತಿಯನ್ನೇ ಸೂಚಿಸುತ್ತದೆ. ಜೇಡನು ತನ್ನೊಳಗಿನಿಂದಲೇ ನೂಲು ತೆಗೆದು ಹರಡಿ ಮತ್ತೆ ಒಳಕ್ಕೆ ಎಳೆದುಕೊಳ್ಳುವಂತೆ ಜಗತ್ತು ಅಕ್ಷರದಿಂದ ಹುಟ್ಟುತ್ತದೆ ಎಂದು ಮುಂಡಕೋಪನಿಷತ್ತು ಹೇಳುತ್ತದಷ್ಟೆ. ಇದು ಬರಿಯ ಕವಿಕಲ್ಪನೆಯಲ್ಲ. ಚಕ್ರಾಕಾರದ ಬಲೆ ನೇಯುವ ಅನೇಕ ಜೇಡಗಳು ಹಳೆಯ ಬಲೆಯನ್ನು ನಿಜವಾಗಿಯೂ ತಿಂದು ಹೊಸದನ್ನು ಕಟ್ಟುತ್ತವೆ. ನಮ್ಮ ದೊಡ್ಡ ಜೇಡ ಮಾತ್ರ ಇಂಥ ಬಲೆಯನ್ನು ಕಟ್ಟುವುದೇ ಇಲ್ಲ. ಬಲೆಯಿಲ್ಲದ ಜೇಡಕ್ಕೆ ನಮ್ಮಲ್ಲಿ ಹೆಸರಿಲ್ಲ. ಹೆಸರಿಲ್ಲದುದನ್ನು ಜನ ‘ವಿಷದ ಹುಳ’ ಎಂದುಬಿಡುತ್ತಾರೆ, ಪೊರಕೆಯೋ ಎಕ್ಕಡವೋ ಕೈಗೆ ಬರುತ್ತದೆ.

ಮುಂದಕ್ಕೆ ಹೋಗುವ ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ರಾತ್ರಿ ಗೋಡೆಯ ಮೇಲೆ ಚಪ್ಪಟೆಯಾಗಿ ಅಂಟಿಕೊಂಡಿದ್ದು, ದೀಪ ಹಾಕಿದೊಡನೆ ಸರ್ರನೆ ಓಡಿ ಬೀರುವಿನ ಹಿಂದೆ ಮರೆಯಾಗುವ ಕಂದುಬಣ್ಣದ ದೊಡ್ಡ ಜೇಡವನ್ನು ನೀವೆಲ್ಲರೂ ನೋಡಿರುತ್ತೀರಿ. ಅದರ ಕಾಲುಗಳು ಏಡಿಯ ಕಾಲಿನಂತೆ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಹೆಣ್ಣಾದರೆ ಕೆಲವೊಮ್ಮೆ ಹೊಟ್ಟೆಯಡಿಯಲ್ಲಿ ಬಿಳಿಯ ಬಿಲ್ಲೆಯಂಥ ಮೊಟ್ಟೆಚೀಲವನ್ನು ಹೊತ್ತಿರುತ್ತದೆ. ಅದು ಟರಾಂಟುಲವಲ್ಲ, ಜಿರಲೆಗಳನ್ನು ಹಿಡಿದು ತಿನ್ನುವ, ಬೇರೊಂದು ಕುಲದ ಬೇಟೆಗಾರ ಜೇಡ. ನಾನೀಗ ಹೇಳುತ್ತಿರುವ ಜೇಡದ ಮೈ ದಪ್ಪ, ಕಾಲು ದಪ್ಪ, ನಡಿಗೆ ನಿಧಾನ. ಮೈಮೇಲೆ ಮಖಮಲ್ಲಿನಂಥ ಕೂದಲು. ಗೋಡೆಗಿಂತ ನೆಲವೇ ಅದಕ್ಕೆ ಹೆಚ್ಚು ಪ್ರಿಯ. ಇನ್ನೂ ಹತ್ತಿರದಿಂದ ನೋಡುವ ಧೈರ್ಯವಿದ್ದವರಿಗೆ ಮತ್ತೊಂದು ಗುರುತು ಕಾಣುತ್ತದೆ. ಸಾಮಾನ್ಯ ಜೇಡಗಳ ಕೋರೆಗಳು ಇಕ್ಕಳದ ಎರಡು ಬಾಯಿಗಳಂತೆ ಅಡ್ಡಲಾಗಿ ಕೂಡುತ್ತವೆ. ಇದರ ಕೋರೆಗಳು ಎರಡು ಗುದ್ದಲಿಗಳಂತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಜೇಡಗಳ ವಂಶದಲ್ಲಿ ಇದು ಪುರಾತನವಾದ ಕವಲು.

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳ ಒಂದು ಸಂಜೆ, ಚೆನ್ನಾಗಿ ಮಳೆ ಸುರಿದು ನಿಂತ ಮೇಲೆ, ನಮ್ಮ ಮನೆಯ ಹಿಂಬಾಗಿಲಲ್ಲಿ ಇಂಥದೊಂದು ಬಂದು ನಿಂತಿತ್ತು. ತೆಂಗಿನಕಾಯಿ ಕೀಳಲು ಬಂದಿದ್ದಾತ ಅದನ್ನು ಕಂಡು ಕುಡುಗೋಲಿನ ಹಿಡಿಯನ್ನು ಎತ್ತಿಯೇ ಬಿಟ್ಟ. “ಬುಡಬ್ಯಾಡಿ ಮೇಷ್ಟ್ರೇ, ಕಡುದ್ರೆ ನಂಜು ಏರ್ತದ” ಎಂದ. ನಾನು ಅವನನ್ನು ತಡೆದು ಸ್ವಲ್ಪ ಹೊತ್ತು ಸುಮ್ಮನೆ ನೋಡೋಣವೆಂದೆ. ಜೇಡ ನಮ್ಮಿಬ್ಬರ ಕಡೆಗೂ ಬರಲಿಲ್ಲ. ಮುಂಗಾಲುಗಳನ್ನು ಒಂದಾದ ಮೇಲೊಂದರಂತೆ ನೆಲಕ್ಕೆ ತಟ್ಟಿ, ಕುರುಡರು ಕೋಲಿನಿಂದ ದಾರಿಯನ್ನು ತಡವುವಂತೆ ತಡವುತ್ತ, ಗೋಡೆಯ ಬುಡವನ್ನು ಹಿಡಿದು ಸಾಗಿತು. ಹೋಲಿಕೆ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಎಂಟು ಕಣ್ಣುಗಳಿದ್ದರೂ ಅವು ನೆತ್ತಿಯ ಮೇಲೆ ಒಂದೇ ಗುಡ್ಡೆಯಾಗಿರುವ ಸಣ್ಣ ಚುಕ್ಕೆಗಳು. ಬೆಳಕು ಕತ್ತಲೆಗಳನ್ನೂ ಚಲನೆಯನ್ನೂ ಅರಿಯುವುದಕ್ಕಿಂತ ಹೆಚ್ಚಿನ ಉಪಯೋಗ ಅವುಗಳಿಂದಿಲ್ಲ. ಅದು ಲೋಕವನ್ನು ಅರಿಯುವುದು ಕಾಲಿನ ಕೂದಲುಗಳ ಮೂಲಕ. ನೆಲದ ನಡುಕ, ಗಾಳಿಯ ಅಲುಗು, ಇವೇ ಅದಕ್ಕೆ ನೋಟ, ಇವೇ ಕಿವಿ. ನಾವು ಯಾವ ಕೂದಲನ್ನು ಕಂಡು ಹೇಸುತ್ತೇವೋ ಅದು ಅದರ ಜ್ಞಾನೇಂದ್ರಿಯ.

ಮಳೆಗಾಲದಲ್ಲಿಯೇ ಇವು ಮನೆಗೆ ಬರುವುದೇಕೆ? ಹೊಲದ ಬದುಗಳಲ್ಲಿ, ಕಲ್ಲುಗುಡ್ಡೆಗಳ ಸಂದಿಯಲ್ಲಿ, ಬೇಲಿಯ ಬುಡದ ಮಣ್ಣಿನಲ್ಲಿ ಬಿಲ ತೋಡಿ ಬದುಕುವ ಪ್ರಾಣಿ ಇದು. ಬಿಲದ ಒಳಗೋಡೆಗೆಲ್ಲ ರೇಷ್ಮೆಯ ಅಸ್ತರಿ. ಬಾಯಲ್ಲಿ ತೆಳ್ಳನೆಯ ನೂಲಿನ ಹಾಸು. ರೇಷ್ಮೆಯೆಂದರೆ ನರಸೀಪುರದ ನೂಲು ಬಿಚ್ಚಣಿಕೆಯ ಕಾರ್ಖಾನೆ ನೆನಪಾಗುತ್ತದೆ. ಅಲ್ಲಿಗೆ ಬರುವ ಗೂಡಿನ ರೇಷ್ಮೆ ಹುಳುವಿನ ಬಾಯಿಯಿಂದ ಬಂದದ್ದು, ಜೇಡದ ರೇಷ್ಮೆ ಮೈಯ ಹಿಂತುದಿಯಿಂದ ಹೊರಡುವಂಥದು. ಉಪಯೋಗ ಮಾತ್ರ ಹೆಚ್ಚು ಕಡಿಮೆ ಒಂದೇ, ಮನೆಕಟ್ಟುವುದು. ಬಿಲದಲ್ಲಿ ಕುಳಿತ ಜೇಡ ನೂಲಿನ ಹಾಸನ್ನು ತುಳಿದ ಜಿರಲೆ, ಮಿಡತೆ, ಜೀರುಂಡೆಗಳನ್ನು ಹಿಡಿಯುತ್ತದೆ. ಒಮ್ಮೊಮ್ಮೆ ಸಣ್ಣ ಹಲ್ಲಿಯೂ ಸಿಕ್ಕುವುದುಂಟು. ಹೆಣ್ಣು ಜೇಡ ಅದೇ ಬಿಲದಲ್ಲಿ ವರ್ಷಾನುವರ್ಷ ಇದ್ದುಬಿಡುತ್ತದೆ. ಹತ್ತು ಹದಿನೈದು ವರ್ಷ ಬಾಳುವುದು ಇವುಗಳಲ್ಲಿ ಅಪರೂಪವಲ್ಲ. ಇದರ ದೂರದ ನಂಟಾದ ಒಂದು ಬಿಲಜೇಡವನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿ 1974ರಿಂದ ಗುರುತು ಹಾಕಿ ಗಮನಿಸುತ್ತ ಬಂದರು. ಅದು 43 ವರ್ಷ ಬದುಕಿತು. 2016ರಲ್ಲಿ ಅದು ಸತ್ತುದೂ ಮುಪ್ಪಿನಿಂದಲ್ಲ, ಕಣಜವೊಂದರ ಕುಟುಕಿನಿಂದ. ನಮ್ಮಲ್ಲಿ ಅಷ್ಟು ವರ್ಷ ಸರಕಾರಿ ನೌಕರಿ ಮಾಡಿದವರು ಕೂಡ ಕಡಿಮೆ.

ಗಂಡಿನ ಬಾಳು ಹಾಗಲ್ಲ. ಪ್ರಾಯಕ್ಕೆ ಬಂದೊಡನೆ ಅದು ತನ್ನ ಬಿಲವನ್ನು ಶಾಶ್ವತವಾಗಿ ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಹೊರಡುತ್ತದೆ. ಅದಕ್ಕೆ ಒದಗಿ ಬರುವುದು ಮಳೆಯ ತಂಪು. ಮುಖದ ಇಕ್ಕೆಲಗಳಲ್ಲಿರುವ ಚಿಕ್ಕ ಕೈಗಳ ತುದಿ ಉಬ್ಬಿದ್ದರೆ ಅದು ಗಂಡೆಂದು ತಿಳಿಯಬಹುದು. ಹೆಣ್ಣಿನ ಬಿಲ ಸಿಕ್ಕಿದರೆ ಬಾಗಿಲಲ್ಲಿ ನಿಂತು ಕಾಲಿನಿಂದ ತಾಳ ಹಾಕುತ್ತದೆ. ಒಳಗಿರುವವಳು ಒಲಿಯಲೂಬಹುದು, ಹಸಿದಿದ್ದರೆ ತಿನ್ನಲೂಬಹುದು. ಎರಡೂ ತಪ್ಪಿದರೂ ಕೆಲವೇ ತಿಂಗಳಲ್ಲಿ ಅದರ ಆಯುಷ್ಯ ತೀರುತ್ತದೆ. ಅಂದು ನಮ್ಮ ಹಿಂಬಾಗಿಲಲ್ಲಿ ನಿಂತಿದ್ದದ್ದು ಈ ಕೊನೆಯ ಯಾತ್ರೆಯಲ್ಲಿದ್ದ ಗಂಡು. ಅದಕ್ಕೆ ನಮ್ಮ ಮನೆ ದಾರಿಗಡ್ಡವಾದ ಒಂದು ದೊಡ್ಡ ಕಲ್ಲುಗುಡ್ಡೆ, ಅಷ್ಟೆ.

ಕಣಜದ ಮಾತು ಬಂದುದರಿಂದ ಒಂದು ಸಾಲು ಸೇರಿಸಿ ಹೇಳುತ್ತೇನೆ. ‘ಭ್ರಮರಕೀಟ ನ್ಯಾಯ’ವನ್ನು ನಮ್ಮ ಶಾಸ್ತ್ರಗಳಲ್ಲಿಯೂ ಭಕ್ತಿಸಾಹಿತ್ಯದಲ್ಲಿಯೂ ಮತ್ತೆ ಮತ್ತೆ ಓದಿದ್ದೇವೆ: ಮಣ್ಣಿನ ಗೂಡಿನಲ್ಲಿ ಸಿಕ್ಕಿದ ಹುಳು ಭ್ರಮರವನ್ನೇ ಧ್ಯಾನಿಸಿ ತಾನೂ ಭ್ರಮರವಾಗುತ್ತದೆಂದು. ನಡೆಯುವುದು ಬೇರೆ. ಕಣಜ ತನ್ನ ಕೊಂಡಿಯಿಂದ ಹುಳುವನ್ನೋ ಜೇಡವನ್ನೋ ಸ್ತಬ್ಧಗೊಳಿಸಿ ಅದರ ಮೇಲೆ ಮೊಟ್ಟೆಯಿಡುತ್ತದೆ, ಮರಿ ಅದನ್ನೇ ತಿಂದು ಬೆಳೆದು ಹೊರಗೆ ಬರುತ್ತದೆ. ಟರಾಂಟುಲವನ್ನೂ ಹೀಗೆ ಬೇಟೆಯಾಡುವ ದೊಡ್ಡ ಕಣಜಗಳಿವೆ. ದೃಷ್ಟಾಂತದ ಸೌಂದರ್ಯಕ್ಕೆ ಇದರಿಂದ ಕುಂದೇನೂ ಇಲ್ಲ.

ಇನ್ನು ಭಯದ ವಿಚಾರ. ಟರಾಂಟುಲ ಎಂಬ ಹೆಸರೇ ಭಯದಿಂದ ಹುಟ್ಟಿದುದು. ಇಟಲಿಯ ದಕ್ಷಿಣ ತೀರದಲ್ಲಿ ಟರಾಂಟೊ ಎಂಬ ಊರಿದೆ. ಅಲ್ಲಿನ ಹೊಲಗಳಲ್ಲಿ ಜೇಡ ಕಚ್ಚಿದವರಿಗೆ ಹುಚ್ಚು ಹಿಡಿಯುವುದೆಂದೂ, ವಾದ್ಯ ಬಾರಿಸಿ ಸುಸ್ತಾಗುವವರೆಗೆ ಕುಣಿಸಿದರೆ ಮಾತ್ರ ವಿಷ ಇಳಿಯುವುದೆಂದೂ ಜನ ಶತಮಾನಗಳ ಕಾಲ ನಂಬಿದ್ದರು. ಟರಾಂಟೆಲ್ಲ ಎಂಬ ಕುಣಿತಕ್ಕೆ ಹೆಸರು ಬಂದುದು ಈ ನಂಬಿಕೆಯ ನಾಡಿನಿಂದ. ಎರ್ನೆಸ್ಟೊ ಡಿ ಮಾರ್ಟಿನೊ ಎಂಬ ವಿದ್ವಾಂಸ 1959ರಲ್ಲಿ ಆ ಪ್ರಾಂತ್ಯಕ್ಕೆ ಹೋದಾಗಲೂ ಹೀಗೆ ಕುಣಿಯುವ ಹೆಂಗಸರು ಅಲ್ಲಿದ್ದರು. ಅದು ಹೊಟ್ಟೆಯೊಳಗಿನ ಸಂಕಟವನ್ನು ಹೊರಹಾಕಲು ಸಮಾಜ ಒಪ್ಪಿಕೊಂಡ ಒಂದು ದಾರಿಯೆಂದು ಅವರು ವಿವರಿಸಿದರು. ಅಪವಾದ ಹೊತ್ತ ಟರಾಂಟೊದ ಜೇಡವಾದರೋ ತೋಳಜೇಡವೆಂಬ ಬೇರೆ ಜಾತಿಯದು, ಅದರ ಕಡಿತ ಅಷ್ಟೇನೂ ಘೋರವಲ್ಲ. ಅಮೆರಿಕಕ್ಕೆ ಹೋದ ಯೂರೋಪಿನವರು ಅಲ್ಲಿನ ಕೂದಲು ತುಂಬಿದ ದೊಡ್ಡ ಜೇಡಗಳನ್ನು ಕಂಡು ಊರಿನ ಹಳೆಯ ಭಯವನ್ನೇ ಅವಕ್ಕೆ ಹೆಸರಾಗಿ ಇಟ್ಟರು. ಆ ಹೆಸರು ಅಲ್ಲಿಂದ ಸುತ್ತಿ ನಮ್ಮ ಹೊಲದ ಬದುವಿಗೂ ಬಂದಿದೆ.

ನಮ್ಮವರೇನೂ ಈ ವಿಚಾರದಲ್ಲಿ ಹಿಂದೆ ಬಿದ್ದಿಲ್ಲ. ವಸಿಷ್ಠರ ಧೇನುವನ್ನು ವಿಶ್ವಾಮಿತ್ರನು ಅಪಹರಿಸಲು ಬಂದಾಗ ಕೋಪಗೊಂಡ ಋಷಿಯ ಹಣೆಯ ಬೆವರು ಕೊಯ್ದಿಟ್ಟ ಹುಲ್ಲಿನ ಮೇಲೆ ಬಿದ್ದು ಜೇಡಗಳು ಹುಟ್ಟಿದವೆಂದು ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿದೆ. ಕೊಯ್ದ ಹುಲ್ಲು ‘ಲೂನ’, ಅದರಿಂದ ‘ಲೂತಾ’. ಹದಿನಾರು ಬಗೆಯ ಲೂತೆಗಳನ್ನು ಅಲ್ಲಿ ಎಣಿಸಿದ್ದಾರೆ. ಆ ಲಕ್ಷಣಗಳಲ್ಲಿ ಬೊಕ್ಕೆ, ಉರಿ, ವ್ರಣಗಳೇ ಹೆಚ್ಚಾಗಿ ಬರುವುದನ್ನು ನೋಡಿದರೆ ಇಂದಿನ ನಮ್ಮ ಮನೆಗಳ ಮಾತೇ ಅಲ್ಲಿ ಕೇಳಿದಂತಾಗುತ್ತದೆ. ಬೆಳಿಗ್ಗೆ ಏಳುವಾಗ ಕತ್ತಿನ ಮೇಲೆ ಗೆರೆಯೆಳೆದಂತೆ ಬೊಕ್ಕೆ ಎದ್ದಿದ್ದರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುವುದು ವಾಡಿಕೆ. ಜೇಡ ಹಾಗೆ ಮಾಡುವುದಿಲ್ಲ. ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಇರುವೆಯಂತೆ ಕಾಣುವ, ಕೆಂಪು ಕಪ್ಪು ಪಟ್ಟೆಯ ಒಂದು ಸಣ್ಣ ಜೀರುಂಡೆಯನ್ನು ನಿದ್ದೆಗಣ್ಣಿನಲ್ಲಿ ಮೈಮೇಲೆ ಒರೆಸಿಕೊಂಡಾಗ ಅದರ ಮೈಯ ರಸದಿಂದ ಏಳುವ ಬೊಕ್ಕೆಗಳು ಅವು. ಸರ್ಪಸುತ್ತನ್ನು ಕೂಡ ಜೇಡದ ತಲೆಗೆ ಕಟ್ಟುವವರಿದ್ದಾರೆ. ಅದು ವೈರಾಣುವಿನಿಂದ ಬರುವ ಬೇನೆ.

ಹಾಗಾದರೆ ದೊಡ್ಡ ಜೇಡ ಕಚ್ಚುವುದೇ ಇಲ್ಲವೆ? ಕಚ್ಚುತ್ತದೆ. ತುಳಿದರೆ, ಅದುಮಿದರೆ, ಬಿಲಕ್ಕೆ ಕೈ ಹಾಕಿದರೆ ಕಚ್ಚುತ್ತದೆ. ಅದಕ್ಕೆ ಮುಂಚೆ ಮುಂಗಾಲುಗಳನ್ನೆತ್ತಿ ಕೋರೆ ತೋರಿಸಿ ಎಚ್ಚರಿಸುವುದೇ ಹೆಚ್ಚು. ಕೆಲವು ಜಾತಿಗಳು ಬಾಯಿಯ ಬಳಿಯ ಬಿರುಗೂದಲುಗಳನ್ನು ಉಜ್ಜಿ ಬುಸ್ಸೆಂಬ ಸದ್ದನ್ನೂ ಮಾಡುತ್ತವೆ. ಅಸ್ಸಾಮಿನ ಇಂಥದೊಂದು ಜೇಡವನ್ನು ವುಡ್-ಮೇಸನ್ ಎಂಬ ವಿಜ್ಞಾನಿ 1870ರ ದಶಕದಲ್ಲಿಯೇ ವರ್ಣಿಸಿದ್ದರು. ಅಮೆರಿಕದ ಟರಾಂಟುಲಗಳಲ್ಲಿ ಬಹುಪಾಲು ಹೊಟ್ಟೆಯ ಮೇಲಿನ ತುರಿಕೆಯ ಕೂದಲನ್ನು ಶತ್ರುವಿನ ಮುಖಕ್ಕೆ ಎರಚುತ್ತವೆ. ನಮ್ಮವಕ್ಕೆ ಆ ಆಯುಧವಿಲ್ಲ, ಆದ್ದರಿಂದ ಅವು ಕೋರೆಯನ್ನೇ ನೆಚ್ಚಬೇಕು. ಕಡಿದ ಜಾಗದಲ್ಲಿ ತೀವ್ರವಾದ ನೋವು, ಬಾವು ಬರುತ್ತವೆ; ಮರದಲ್ಲಿ ವಾಸಿಸುವ ಜಾತಿಯದು ಕಡಿದರೆ ಸ್ನಾಯುಗಳು ಸೆಟೆದುಕೊಂಡು ಕೆಲವು ದಿನ ಕಾಡುವುದುಂಟು. ಆದರೆ ಟರಾಂಟುಲದ ವಿಷದಿಂದಲೇ ಮನುಷ್ಯ ಸತ್ತನೆಂದು ದೃಢಪಟ್ಟ ಉದಾಹರಣೆ ಲೋಕದಲ್ಲೆಲ್ಲಿಯೂ ಇಲ್ಲ. ಇಲ್ಲಿಯೇ ನಮ್ಮ ಎರಡು ಶಬ್ದಗಳು ಉಪಯೋಗಕ್ಕೆ ಬರುತ್ತವೆ. ಈ ಜೇಡದ ವಿಷ ದೊಡ್ಡದಲ್ಲ. ಸೋಪು ನೀರಿನಿಂದ ತೊಳೆಯದೆ, ಸೊಪ್ಪು ಸುಣ್ಣ ಮೆತ್ತಿ, ಬ್ಲೇಡಿನಿಂದ ಗೀರಿ ನಾವೇ ಏರಿಸಿಕೊಳ್ಳುವ ನಂಜು ದೊಡ್ಡದು.

2012ರ ಮೇ ತಿಂಗಳಲ್ಲಿ ಅಸ್ಸಾಮಿನ ಸದಿಯಾ ಎಂಬಲ್ಲಿ ಜೇಡಗಳು ದಂಡೆತ್ತಿ ಬಂದು ಜನರನ್ನು ಕಚ್ಚುತ್ತಿವೆಯೆಂದು ದೇಶವೆಲ್ಲ ಗುಲ್ಲಾಯಿತು. ಇಬ್ಬರು ಸತ್ತರೆಂದು ವರದಿಯಾಯಿತು. ಅವರು ಮೊದಲು ಹೋದದ್ದು ಮಂತ್ರವಾದಿಗಳ ಬಳಿಗೆ. ಅಲ್ಲಿ ಕಡಿದ ಜಾಗವನ್ನು ಬ್ಲೇಡಿನಿಂದ ಕೊಯ್ದು ರಕ್ತ ತೆಗೆದಿದ್ದರು. ಶವಪರೀಕ್ಷೆಗೆ ಮೊದಲೇ ದಹನವೂ ಆಗಿಹೋಯಿತು. ಕೊಂದದ್ದು ಜೇಡವೋ ಬ್ಲೇಡೋ ಎಂದು ಹೇಳಲು ಯಾವ ಆಧಾರವೂ ಉಳಿಯಲಿಲ್ಲ.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ತಾಯಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ನಡುರಾತ್ರಿ ತೋಳಿನಲ್ಲಿ ಏನೋ ಚುಚ್ಚಿದಂತಾಗಿ ಎದ್ದರು. ದೀಪ ಹಾಕಿದಾಗ ಮೂಲೆಯಲ್ಲಿ ದೊಡ್ಡ ಜೇಡ ಕಂಡಿತು. ಅದನ್ನು ಹೊಡೆದು ಹಾಕಿ, ನೋವೇನೂ ಇಲ್ಲವೆಂದು ಸಮಾಧಾನಪಟ್ಟು, ಬೆಳಗಾದ ಮೇಲೆ ಮಂತ್ರ ಹಾಕಿಸೋಣವೆಂದು ಎಲ್ಲರೂ ಮಲಗಿದರು. ನಸುಕಿನಲ್ಲಿ ಆಕೆಗೆ ಹೊಟ್ಟೆನೋವು, ಮಾತು ತೊದಲು, ರೆಪ್ಪೆಗಳನ್ನು ಎತ್ತಲಾಗದು. ಶಿಷ್ಯ ಯಾರ ಮಾತನ್ನೂ ಕೇಳದೆ ಕಾರು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದ. ಕಡಿದಿದ್ದುದು ಕಟ್ಟುಹಾವು. ಅದರ ಕಡಿತದಲ್ಲಿ ನೋವಿಲ್ಲ, ಬಾವಿಲ್ಲ, ಗುರುತೂ ಕಾಣದು. ಮಲಗಿದವರನ್ನು ನೆಲದ ಮೇಲೆಯೇ ಕಡಿಯುವ ಹಾವು ಅದು. ನಾಲ್ಕು ದಿನ ಯಂತ್ರದ ಉಸಿರಾಟದಲ್ಲಿದ್ದು ಆಕೆ ಉಳಿದುಕೊಂಡರು. ಜೇಡ ಕಡಿದರೆ ಆ ಕ್ಷಣದಲ್ಲಿಯೇ ಜೀವ ಹೋದಂತೆ ನೋಯುತ್ತದೆ. ನೋವಿಲ್ಲದೆ ರೆಪ್ಪೆ ಇಳಿಯುತ್ತಿದ್ದರೆ ಎದುರಿಗೆ ಎಂಥ ಜೇಡ ಕಂಡರೂ ಅದನ್ನು ಆರೋಪಿಯೆಂದು ತಿಳಿದು ಹೊತ್ತು ಕಳೆಯಕೂಡದು. ಹಾವಿನ ವಿಷಕ್ಕೆ ಪ್ರತಿವಿಷವಿದೆ. ಬೇಗ ಕೊಟ್ಟಷ್ಟೂ ಅದಕ್ಕೆ ಬೆಲೆ.

ಮರಜೇಡಗಳ ವಿಷಯ ಎರಡು ಮಾತು. ನಮ್ಮ ದೇಶದ ಮತ್ತು ಸಿಂಹಳದ ಹಳೆಯ ಮರಗಳ ಪೊಟರೆಗಳಲ್ಲಿ ಪಿಸಿಲೊಥೇರಿಯ ಎಂಬ ಕುಲದ ಜೇಡಗಳಿವೆ. ಗ್ರೀಕಿನಲ್ಲಿ ಇದಕ್ಕೆ ಚಿತ್ರವಿಚಿತ್ರ ಬಣ್ಣದ ಮೃಗವೆಂದರ್ಥ. ಕಾಲುಗಳ ಮೇಲೆ ಕಸೂತಿ ಹಾಕಿದಂಥ ಪಟ್ಟೆಗಳು. ಪೋಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ 1895ರಲ್ಲಿ ಹೆಸರಿಟ್ಟ ಇವುಗಳಲ್ಲೊಂದು ಇಂದು ಲೋಕದಲ್ಲೆಲ್ಲ ಮೈಸೂರಿನ ಹೆಸರಿನಿಂದಲೇ ಪ್ರಸಿದ್ಧ. ಅದೇ ವಿದ್ವಾಂಸ 1899ರಲ್ಲಿ ಬಳ್ಳಾರಿಯ ನೆರೆಯ ಗುತ್ತಿಯಲ್ಲಿ ಸಿಕ್ಕಿದ ನೀಲಿಬಣ್ಣದ ಜೇಡವೊಂದನ್ನು ವರ್ಣಿಸಿದರು; ಅದು ಈಗ ಅಳಿವಿನ ಅಂಚಿನಲ್ಲಿದೆ. ರಾಮೇಶ್ವರದ ಹನುಮಂತನ ಗುಡಿಯೊಂದರ ಹೆಸರನ್ನೇ ಇನ್ನೊಂದಕ್ಕೆ 2004ರಲ್ಲಿ ಇಟ್ಟಿದ್ದಾರೆ. ಮರ ಕಡಿದರೆ ಇವು ಹಳೆಯ ಕಟ್ಟಡಗಳ ಮಾಡು, ಬಿರುಕುಗಳಿಗೆ ಬಂದು ಸೇರುತ್ತವೆ. 2012ರಲ್ಲಿ ಉತ್ತರ ಸಿಂಹಳದಿಂದ ಹೊಸದಾಗಿ ಪ್ರಕಟವಾದ ಜಾತಿ ಅಲ್ಲಿನ ಆಸ್ಪತ್ರೆಯೊಂದರ ಹಳೆಯ ವಸತಿಗೃಹದಲ್ಲಿಯೂ ಸಿಕ್ಕಿತ್ತು. ಶೋಕಿಗಾಗಿ ಸಾಕುವ ಪರದೇಶದವರಿಗೆ ಕದ್ದು ಮಾರುವವರು ಹೆಚ್ಚಾದುದರಿಂದ 2019ರಲ್ಲಿ ಈ ಇಡೀ ಕುಲದ ವ್ಯಾಪಾರವನ್ನು ಅಂತಾರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ಒಳಪಡಿಸಿದರು. ನಮ್ಮ ಹುಣಸೆಯ ಮರದ ಪೊಟರೆಯಲ್ಲಿ ಅದು ಕಂಡರೆ ಅಲ್ಲಿಯೇ ಬಿಡುವುದು ಲೇಸು.

ಮನೆಯೊಳಗೆ ಬಂದರೆ ಮಾಡಬೇಕಾದುದು ಬಹಳವಿಲ್ಲ. ಮಕ್ಕಳನ್ನೂ ನಾಯಿಯನ್ನೂ ಆಚೆ ಕಳುಹಿಸಿ. ಅಗಲವಾದ ಪ್ಲಾಸ್ಟಿಕ್ ಡಬ್ಬವನ್ನೋ ಬೋಗುಣಿಯನ್ನೋ ಮೆಲ್ಲಗೆ ಅದರ ಮೇಲೆ ಮುಚ್ಚಿ, ಅಡಿಯಲ್ಲಿ ದಪ್ಪನೆಯ ರಟ್ಟನ್ನು ಜಾರಿಸಿ, ಎರಡನ್ನೂ ಸೇರಿಸಿ ಎತ್ತಿಕೊಂಡು ಬೇಲಿಯ ಬುಡದಲ್ಲಿ ಬಿಡಿ. ಬರಿಗೈಯಿಂದ ಮುಟ್ಟಬೇಡಿ. ಮಳೆಗಾಲದಲ್ಲಿ ಹೊರಗಿಟ್ಟ ಷೂಗಳನ್ನೂ ಸೌದೆಯನ್ನೂ ಕೊಡವಿ ನೋಡಿ. ಹಿಂಬಾಗಿಲ ಕೆಳಗಿನ ಸಂದಿಗೆ ಒಂದು ಪಟ್ಟಿ ಹೊಡೆಸಿ. ಕಡಿದರೆ ಸೋಪು ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆಯಿಟ್ಟು, ಉಂಗುರ ಬಳೆಗಳನ್ನು ತೆಗೆದು ವೈದ್ಯರಿಗೆ ತೋರಿಸಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ. ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಸಿರು ಕಟ್ಟಿದರೆ, ಮುಖ ಊದಿದರೆ, ರೆಪ್ಪೆ ಭಾರವಾದರೆ ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೊರಡಿ.